ಸ್ಯಾಮ್ ಮಿಲ್ಸ್ ಅನ್ನೋ ಲೈನ್‌ಬ್ಯಾಕರ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಾರ್ಲಟ್‌ಗೆ ಹೊಸದಾಗಿ ಬಂದ ನಮ್ಮ ಕಡೆಯವ್ರನ್ನ ಊರು ತೋರಿಸೋಕೆ ಕರ್ಕೊಂಡು ಹೋದಾಗೆಲ್ಲ ಪ್ಯಾಂಥರ್ಸ್ ಸ್ಟೇಡಿಯಂ ಹೊರಗಿರೋ ಕಂಚಿನ ಪ್ರತಿಮೆ ಹತ್ರ ಒಂದು ಪ್ರಶ್ನೆ ಬಂದೇ ಬರತ್ತೆ, ಇವ್ರ್ಯಾರು ಅಂತ. ಅಲ್ಲಿ ಶುರುವಾದ ಮಾತು ಕಾರಲ್ಲಿ, ಊಟಕ್ಕೆ ಕೂತಾಗ, ಆಮೇಲೆ ವಾಟ್ಸಾಪಲ್ಲಿ ಮೇಲಲ್ಲಿ ಹಾಗೇ ಮುಂದುವರಿಯತ್ತೆ. ಎಲ್ರಿಗೂ ಬೇರೆ ಬೇರೆ ಹೇಳೋ ಬದ್ಲು ಅವ್ರವ್ರು ಕೇಳಿದ ಮಾತಲ್ಲೇ ಪ್ರಶ್ನೆ ಇಟ್ಟು ಉತ್ತರ ಬರ್ದಿದೀನಿ. ಆಟದ ಗಂಧಗಾಳಿ ಇಲ್ಲದವ್ರಿಗೆ ಅಂತ ಸುಲಭದ್ದು ಮೊದ್ಲು, ಆಟ ನೋಡೋವ್ರಿಗೆ ಬೇಕಾಗಿರೋದು ಆಮೇಲೆ.

## ಆಟನೇ ಗೊತ್ತಿಲ್ಲ ಅನ್ನೋರಿಗೆ

ಈ ಸ್ಯಾಮ್ ಮಿಲ್ಸ್ ಯಾರು ಸಾರ್, ನಾನಂತೂ ಹೆಸ್ರೇ ಕೇಳಿಲ್ಲ

ಅಮೆರಿಕನ್ ಫುಟ್ಬಾಲಲ್ಲಿ ಲೈನ್‌ಬ್ಯಾಕರ್ ಆಗಿದ್ದವ್ರು. 1959ರ ಜೂನ್ 3ಕ್ಕೆ ನ್ಯೂಜೆರ್ಸಿಯ ನೆಪ್ಚೂನ್ ಅನ್ನೋ ಊರಲ್ಲಿ ಹುಟ್ಟಿದ್ದು, ಬೆಳೆದಿದ್ದು ಅಲ್ಲೇ ಸಮುದ್ರದ ದಡದ ಲಾಂಗ್ ಬ್ರಾಂಚಲ್ಲಿ. ಯಾವ ದೊಡ್ಡ ಟೀಮೂ ಬೇಡ ಅಂದಿದ್ದಕ್ಕೆ ಸ್ಕೂಲಲ್ಲಿ ಪಾಠ ಹೇಳ್ಕೊಂಡಿದ್ರು, ಆಮೇಲೆ ಯುಎಸ್‌ಎಫ್‌ಎಲ್ ಅನ್ನೋ ಹೊಸ ಲೀಗಲ್ಲಿ ಮೂರು ವರ್ಷ, ನ್ಯೂ ಆರ್ಲಿಯನ್ಸ್ ಸೇಂಟ್ಸಲ್ಲಿ 1986ರಿಂದ 1994ರವರೆಗೆ ಒಂಬತ್ತು ವರ್ಷ, ಕೊನೆಗೆ ನಮ್ಮ ಕ್ಯಾರೊಲೈನಾ ಪ್ಯಾಂಥರ್ಸಲ್ಲಿ 1995ರಿಂದ 1997ರವರೆಗೆ ಆಡಿದ್ರು. ಆಟ ಬಿಟ್ಮೇಲೆ ಇದೇ ಟೀಮಿಗೆ ಕೋಚ್ ಆದ್ರು. 2005ರ ಏಪ್ರಿಲ್ 18ಕ್ಕೆ ಕರುಳಿನ ಕ್ಯಾನ್ಸರಲ್ಲಿ ತೀರ್ಕೊಂಡಾಗ ಇನ್ನೂ 45 ವರ್ಷ. ಅವ್ರು ಹೋಗಿ 17 ವರ್ಷ ಆದ್ಮೇಲೆ, 2022ರಲ್ಲಿ, ಮಹಾನ್ ಆಟಗಾರ್ರಿಗೆ ಸಿಗೋ ಗೌರವವಾದ ಹಾಲ್ ಆಫ್ ಫೇಮ್ ಬಾಗಿಲು ತೆಗೀತು.

ಲೈನ್‌ಬ್ಯಾಕರ್ ಅಂದ್ರೇನು ಗುರು, ಕಬಡ್ಡಿ ಡಿಫೆಂಡರ್ ಥರಾನಾ?

ಒಂದು ಮಟ್ಟಕ್ಕೆ ಹೌದು. ಬಾಲ್ ಇರೋ ಟೀಮಿಗೆ ನಾಲ್ಕು ಚಾನ್ಸ್ ಇರತ್ತೆ, ಅಷ್ಟರಲ್ಲಿ 10 ಗಜ ಮುಂದೆ ಹೋಗ್ಬೇಕು, ಹೋದ್ರೆ ಮತ್ತೆ ನಾಲ್ಕು ಚಾನ್ಸ್. ಅವ್ರನ್ನ ಹೋಗಕ್ಕೆ ಬಿಡದೇ ಇರೋದು ಈ ಕಡೆ 11 ಜನದ ಕೆಲಸ. ಈ 11 ಜನರಲ್ಲಿ ಮುಂದಿನ ಸಾಲಲ್ಲಿ ದೈತ್ಯರು, ಕೈ ನೆಲಕ್ಕೂರಿ ಎದುರಿನವ್ರ ಮೇಲೆ ಬೀಳೋವ್ರು. ಎಲ್ಲಕ್ಕಿಂತ ಹಿಂದೆ ಪಾಸ್ ತಡೆಯೋ ಓಟಗಾರ್ರು. ಇವ್ರಿಬ್ರ ಮಧ್ಯೆ ನಿಂತಿರೋವ್ರು ಲೈನ್‌ಬ್ಯಾಕರ್‌ಗಳು. ಬಾಲ್ ಎತ್ಕೊಂಡು ಓಡೋನು ಬಂದ್ರೆ ಮುಂದೆ ನುಗ್ಗಿ ಕೆಡವ್ಬೇಕು, ಬಾಲ್ ಎಸೆದ್ರೆ ಅಷ್ಟೇ ಬೇಗ ಹಿಂದೆ ಓಡಿ ಅಡ್ಡ ಹಾಕ್ಬೇಕು.

ಕಬಡ್ಡೀಲಿ ರೈಡರ್ ಒಬ್ನೇ ಬರ್ತಾನೆ, ಎಲ್ರ ಕಣ್ಣೂ ಅವನ ಮೇಲೇ. ಇಲ್ಲಿ ಎದುರಿಗಿರೋ 11 ಜನಾನೂ ಒಂದೇ ಸಲಕ್ಕೆ ಕದಲ್ತಾರೆ, ಬಾಲ್ ಯಾರ ಕೈಲಿದೆ ಅಂತ ಗೊತ್ತಾಗ್ಬಾರ್ದು ಅಂತಾನೇ ಅವ್ರು ಒಂದು ಕಡೆ ತೋರ್ಸಿ ಇನ್ನೊಂದು ಕಡೆ ಹೋಗ್ತಾರೆ. ಹಾಗಾಗಿ ಲೈನ್‌ಬ್ಯಾಕರ್‌ಗೆ ಮೈಯಲ್ಲಿ ಬಲ ಎಷ್ಟು ಬೇಕೋ ತಲೆಯೂ ಅಷ್ಟೇ ಬೇಕು. ಮಿಲ್ಸ್ ಒಳಗಡೆ ನಿಲ್ತಿದ್ದ ಲೈನ್‌ಬ್ಯಾಕರ್, ಅಂದ್ರೆ ಸರಿಯಾಗಿ ಮಧ್ಯಕ್ಕೆ, ಎಲ್ರಿಗೂ ಕೂಗಿ ಹೇಳ್ಕೊಡೋ ಜಾಗದಲ್ಲಿ.

ಮಿಲ್ಸ್ ಐದಡಿ ಒಂಬತ್ತಿಂಚು ಇದ್ರಂತೆ, ಅದು ನಮ್ಮ ಕಡೆ ಸರಿಯಾದ ಹೈಟೇ ಅಲ್ವಾ, ಅದ್ರಲ್ಲೇನು ಪ್ರಾಬ್ಲಂ?

ನಮ್ಮಲ್ಲಿ ಯಾರೂ ಕುಳ್ಳ ಅನ್ನಲ್ಲ, ನಿಜ. ಆದ್ರೆ ಈ ಕೆಲಸಕ್ಕೆ ಕೋಚ್‌ಗಳು ಹುಡುಕೋದು ಆರಡಿ ಮೇಲೆ ಎರಡು ಮೂರು ಇಂಚು ಇರೋವ್ರನ್ನ. ಅವ್ರ ಲೆಕ್ಕ ಏನಪ್ಪಾ ಅಂದ್ರೆ, ಮುಂದೆ ಆರೂವರೆ ಅಡಿ ಗೋಡೆ ಥರ ಜನ ನಿಂತಾಗ ಕುಳ್ಳಗಿರೋನಿಗೆ ಹಿಂದೆ ಏನಾಗ್ತಿದೆ ಅಂತ ಕಾಣಲ್ಲ, ತೋಳು ಗಿಡ್ಡ ಇದ್ರೆ ತನ್ನನ್ನ ತಡೆಯೋನ ಕೈಯಿಂದ ಬಿಡಿಸ್ಕೊಳ್ಳಕ್ಕಾಗಲ್ಲ, ಪಾಸ್ ತಲೆ ಮೇಲೇ ಹೋಗ್ಬಿಡತ್ತೆ. ಕಾಗದದ ಮೇಲೆ ಈ ಲೆಕ್ಕ ತಪ್ಪೇನಲ್ಲ. ಮಿಲ್ಸ್ ತೂಕ ಮಾತ್ರ ಹೆಚ್ಚುಕಮ್ಮಿ 105 ಕೇಜಿ ಇತ್ತು, ಅಗಲ ಎದೆ, ದಪ್ಪ ತೊಡೆ, ಗುಂಡುಕಲ್ಲಿನ ಹಾಗೆ ಇದ್ರು. ಅಳತೆ ಟೇಪು ಹಿಡಿದವ್ರು ಉದ್ದ ಮಾತ್ರ ನೋಡಿದ್ರು.

## ಬದುಕು, ಮೊದ್ಲಿಂದ

ಡ್ರಾಫ್ಟಲ್ಲಿ ಯಾರೂ ತಗೊಳ್ಲಿಲ್ವಂತೆ, ಹೌದಾ?

ಹೌದು. ಡ್ರಾಫ್ಟ್ ಅಂದ್ರೆ ಎನ್‌ಎಫ್‌ಎಲ್ ಅನ್ನೋ ಇಲ್ಲಿನ ದೊಡ್ಡ ಲೀಗಿನ ಟೀಮುಗಳು ಕಾಲೇಜು ಹುಡುಗ್ರನ್ನ ಸರದಿ ಪ್ರಕಾರ ಆರಿಸ್ಕೊಳ್ಳೋದು. ಮಿಲ್ಸ್ ಓದಿದ್ದು ಮಾಂಟ್‌ಕ್ಲೇರ್ ಸ್ಟೇಟ್ ಅನ್ನೋ ಕಾಲೇಜಲ್ಲಿ. ಅದು ಡಿವಿಷನ್ 3, ಅಂದ್ರೆ ಆಟಕ್ಕೆ ಅಂತ ಸ್ಕಾಲರ್‌ಶಿಪ್ಪೇ ಕೊಡದ ಮಟ್ಟ. ದೊಡ್ಡ ಯೂನಿವರ್ಸಿಟಿಗಳ ಮ್ಯಾಚ್ ಥರ ಟಿವಿಲಿ ಬರಲ್ಲ, ಆಟಗಾರ್ರನ್ನ ಹುಡುಕೋ ಸ್ಕೌಟ್‌ಗಳೂ ಅಪರೂಪಕ್ಕೆ ತಲೆ ಹಾಕ್ತಾರೆ. ಅಲ್ಲಿ ಎಷ್ಟು ಚೆನ್ನಾಗಿ ಆಡಿದ್ರೂ 1981ರ ಎನ್‌ಎಫ್‌ಎಲ್ ಡ್ರಾಫ್ಟಲ್ಲಿ 12 ಸುತ್ತು ಮುಗ್ದು ಮುನ್ನೂರಕ್ಕಿಂತ ಜಾಸ್ತಿ ಹುಡುಗ್ರ ಹೆಸರು ಕೂಗಿದ್ರೂ ಇವ್ರ ಹೆಸರು ಬರ್ಲಿಲ್ಲ.

ನಂಗೆ ಯಾವಾಗ್ಲೂ ಕಾಡೋ ವಿಷ್ಯ ಇನ್ನೊಂದಿದೆ. ಅದೇ 1981ರ ಡ್ರಾಫ್ಟಲ್ಲಿ ಲಾರೆನ್ಸ್ ಟೇಲರ್ ಎರಡನೇಯವ್ರಾಗಿ ಹೋದ್ರು, ಮೈಕ್ ಸಿಂಗಲ್‌ಟರಿ 38ನೇಯವ್ರು, ರಿಕಿ ಜ್ಯಾಕ್ಸನ್ 51ನೇಯವ್ರು. ಮೂವರೂ ಲೈನ್‌ಬ್ಯಾಕರ್‌ಗಳು, ಮೂವರೂ ಹಾಲ್ ಆಫ್ ಫೇಮಲ್ಲಿದಾರೆ. ಅದೇ ವರ್ಷ ಯಾರಿಗೂ ಬೇಡವಾದ ನಾಲ್ಕನೇಯವ್ರೂ ಈಗ ಅಲ್ಲೇ ಇದಾರೆ. ರಿಕಿ ಜ್ಯಾಕ್ಸನ್ ಆಮೇಲೆ ಸೇಂಟ್ಸಲ್ಲಿ ಮಿಲ್ಸ್ ಪಕ್ಕದಲ್ಲೇ ಆಡಿದ್ರು, ಮಿಲ್ಸ್ ಬೆನ್ನ ಮೇಲಿದ್ದ ನಂಬರ್ 51.

ನಿಜವಾಗ್ಲೂ ಮೇಷ್ಟ್ರಾಗಿದ್ರಾ, ಇಲ್ಲ ಸುಮ್ನೆ ಕಟ್ಟಿದ ಕಥೆನಾ?

ನಿಜ. ಡ್ರಾಫ್ಟ್ ಕೈ ಕೊಟ್ಮೇಲೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಕ್ಯಾಂಪಿಗೆ ಹೋದ್ರು, ಅಲ್ಲಿ ಕೈ ಬಿಟ್ರು. ಕೆನಡಾ ಲೀಗಿನ ಟೊರೊಂಟೊ ಆರ್ಗೊನಾಟ್ಸ್‌ಗೆ ಹೋದ್ರು, ಅಲ್ಲೂ ಕೈ ಬಿಟ್ರು. ನ್ಯೂಜೆರ್ಸಿಯ ಈಸ್ಟ್ ಆರೆಂಜ್ ಹೈಸ್ಕೂಲಲ್ಲಿ ಫೋಟೋಗ್ರಫಿ ಪಾಠ ಹೇಳಿ, ಸಂಜೆ ಹುಡುಗ್ರ ಫುಟ್ಬಾಲ್ ಟೀಮಿಗೆ ಕೋಚಿಂಗ್‌ನಲ್ಲಿ ಕೈ ಜೋಡಿಸ್ತಿದ್ರು.

ಆಗಿನ ಫೋಟೋಗ್ರಫಿ ಪಾಠ ಅಂದ್ರೆ ಫಿಲ್ಮ್ ಕಾಲ. ಕೆಂಪು ದೀಪದ ಕತ್ತಲೆ ಕೋಣೇಲಿ ಕಾಗದಾನ ಕೆಮಿಕಲ್ ನೀರಿಗೆ ಅದ್ದಿ ಕಾಯ್ಬೇಕು, ಚಿತ್ರ ತಾನಾಗೇ ನಿಧಾನಕ್ಕೆ ಮೂಡತ್ತೆ, ಆತುರ ಪಟ್ರೆ ಹಾಳು. ನಮ್ಮಪ್ಪನಿಗೆ ಫೋಟೋ ಸ್ಟುಡಿಯೋ ಇತ್ತು, ಆ ವಾಸನೆ ನಂಗೆ ಚಿಕ್ಕಂದಿನಿಂದ ಗೊತ್ತು, ಅದಕ್ಕೇ ಮಿಲ್ಸ್ ಬಗ್ಗೆ ಮೊದಲನೇ ಸಲ ಕೇಳಿದಾಗ ನನ್ನ ಹಿಡ್ಕೊಂಡಿದ್ದು ಆಟ ಅಲ್ಲ, ಈ ಡಾರ್ಕ್‌ರೂಮ್ ಮೇಷ್ಟ್ರ ವಿಷ್ಯ. ಒಂದೇ ಒಂದು ಸ್ಟಿಲ್ ಚಿತ್ರ ನೋಡಿ ಅದ್ರಲ್ಲಿ ಮುಂದೇನಾಗತ್ತೆ ಅಂತ ಓದೋ ಕಣ್ಣು ಅವ್ರಿಗಿತ್ತು ಅಂತ ನಾನು ನಂಬ್ತೀನಿ.

ಯುಎಸ್‌ಎಫ್‌ಎಲ್ ಅಂದ್ರೆ ಯಾವುದು, ಈಗ ಯಾಕೆ ಇಲ್ಲ?

1983ರಲ್ಲಿ ಎನ್‌ಎಫ್‌ಎಲ್‌ಗೆ ಪೈಪೋಟಿಯಾಗಿ ಹುಟ್ಕೊಂಡ ಲೀಗ್. ಎನ್‌ಎಫ್‌ಎಲ್ ಚಳಿಗಾಲದ ಕಡೆ ಆಡಿದ್ರೆ ಇವ್ರು ವಸಂತದಲ್ಲಿ ಆಡ್ತಿದ್ರು. ಹೊಸ ಲೀಗಿಗೆ ತುಂಬ ಜನ ಬೇಕಾಗಿತ್ತು, ಹಾಗಾಗಿ ಮಿಲ್ಸ್‌ಗೆ ಫಿಲಡೆಲ್ಫಿಯಾ ಸ್ಟಾರ್ಸಲ್ಲಿ ಜಾಗ ಸಿಕ್ತು. ಕೋಚ್ ಜಿಮ್ ಮೋರಾಗೂ ಮೊದ್ಲು ಹೈಟ್ ಬಗ್ಗೆ ಅನುಮಾನನೇ, ಪ್ರ್ಯಾಕ್ಟೀಸಲ್ಲಿ ದಿನಾ ನೋಡ್ತಾ ನೋಡ್ತಾ ಅನುಮಾನ ಹೋಯ್ತು. ಸ್ಟಾರ್ಸ್ ಟೀಮು ಲೀಗಿನ ಮೂರೂ ಫೈನಲ್ ಆಡ್ತು: 1983ರಲ್ಲಿ ಎರಡೇ ಪಾಯಿಂಟಿಂದ ಸೋಲು, 1984ರಲ್ಲಿ ಗೆಲುವು, ಬಾಲ್ಟಿಮೋರ್ ಹೆಸರಿಗೆ ಬದಲಾದ್ಮೇಲೆ 1985ರಲ್ಲೂ ಗೆಲುವು.

ಆಮೇಲೆ ಲೀಗು ದುಡ್ಡಿಲ್ದೆ ಕುಸೀತು. ಎನ್‌ಎಫ್‌ಎಲ್ ಮೇಲೆ ಹಾಕಿದ ಕೇಸನ್ನ 1986ರಲ್ಲಿ ಗೆದ್ರು, ಆದ್ರೆ ಜ್ಯೂರಿ ಕೊಟ್ಟ ಪರಿಹಾರ ಒಂದೇ ಒಂದು ಡಾಲರ್, ಕಾನೂನಿನ ಪ್ರಕಾರ ಮೂರು ಪಟ್ಟು ಮಾಡಿ ಮೂರು ಡಾಲರ್. ಅಲ್ಲಿಗೆ ಬಾಗಿಲು ಮುಚ್ತು. ಮೋರಾ ಅದೇ ವರ್ಷ ಸೇಂಟ್ಸ್‌ಗೆ ಹೆಡ್ ಕೋಚ್ ಆಗಿ ಹೋದ್ರು, ಹೋಗೋವಾಗ ಮಿಲ್ಸ್‌ನೂ ಕರ್ಕೊಂಡು ಹೋದ್ರು. ಎನ್‌ಎಫ್‌ಎಲ್‌ಗೆ ಮಿಲ್ಸ್ ಕಾಲಿಟ್ಟಾಗ 27 ವರ್ಷ. ತುಂಬ ಜನ ಲೈನ್‌ಬ್ಯಾಕರ್‌ಗಳ ಅರ್ಧ ಆಯಸ್ಸು ಅಷ್ಟೊತ್ತಿಗೆ ಮುಗ್ದಿರತ್ತೆ.

ಡೋಮ್ ಪಟ್ರೋಲ್ ಡೋಮ್ ಪಟ್ರೋಲ್ ಅಂತಾರಲ್ಲ, ಏನದು?

ಸೇಂಟ್ಸ್ ಆಡ್ತಿದ್ದದ್ದು ಸೂಪರ್‌ಡೋಮ್ ಅನ್ನೋ ಮುಚ್ಚಿದ ಸ್ಟೇಡಿಯಮ್ಮಲ್ಲಿ, ಅಲ್ಲಿ ಕಾವಲು ಕಾಯೋ ನಾಲ್ಕು ಲೈನ್‌ಬ್ಯಾಕರ್‌ಗಳಿಗೆ ಜನ ಇಟ್ಟ ಹೆಸರು ಅದು. ಹೊರಗಡೆ ರಿಕಿ ಜ್ಯಾಕ್ಸನ್ ಮತ್ತೆ ಪ್ಯಾಟ್ ಸ್ವಿಲಿಂಗ್, ಒಳಗಡೆ ವಾನ್ ಜಾನ್ಸನ್ ಮತ್ತೆ ಮಿಲ್ಸ್. 1967ರಲ್ಲಿ ಶುರುವಾದ ಸೇಂಟ್ಸ್ 20 ವರ್ಷ ಒಂದೇ ಒಂದು ಸೀಸನ್ನೂ ಸೋಲಿಗಿಂತ ಜಾಸ್ತಿ ಗೆಲುವು ಕಂಡಿರ್ಲಿಲ್ಲ. 1987ರಲ್ಲಿ 12 ಗೆಲುವು 3 ಸೋಲು, ಮೊದಲನೇ ಸಲ ಪ್ಲೇಆಫ್. 1992ರ ಸೀಸನ್ನಿಗೆ ಈ ನಾಲ್ಕೂ ಜನ ಪ್ರೋ ಬೌಲ್‌ಗೆ, ಅಂದ್ರೆ ಲೀಗಿನ ಅತ್ಯುತ್ತಮ ಆಟಗಾರ್ರ ಮ್ಯಾಚಿಗೆ ಆಯ್ಕೆಯಾದ್ರು, ಒಂದೇ ಟೀಮಿನ ನಾಲ್ಕೂ ಲೈನ್‌ಬ್ಯಾಕರ್‌ಗಳು ಹಾಗೆ ಒಟ್ಟಿಗೆ ಹೋಗಿದ್ದು ಅದೇ ಮೊದ್ಲು.

ಬೇಜಾರಿನ ವಿಷ್ಯ ಏನಂದ್ರೆ ಮಿಲ್ಸ್ ಇದ್ದಷ್ಟು ದಿನ ಸೇಂಟ್ಸ್ ನಾಲ್ಕು ಸಲ ಪ್ಲೇಆಫಿಗೆ ಹೋಗಿ ನಾಲ್ಕು ಸಲಾನೂ ಮೊದಲ ಮ್ಯಾಚಲ್ಲೇ ಸೋತ್ರು. ಅಷ್ಟು ಒಳ್ಳೆ ಡಿಫೆನ್ಸ್‌ಗೆ ಅದು ನ್ಯಾಯ ಅಲ್ಲ ಅಂತ ಈಗ್ಲೂ ಅನ್ಸತ್ತೆ.

ಅಷ್ಟು ಚೆನ್ನಾಗಿದ್ದ ಟೀಮ್ ಬಿಟ್ಟು ಹೊಸ ಟೀಮಿಗೆ ಯಾಕೆ ಬಂದ್ರು?

1995ಕ್ಕೆ ಮಿಲ್ಸ್‌ಗೆ 36 ತುಂಬೋದ್ರಲ್ಲಿತ್ತು, ಪ್ಯಾಂಥರ್ಸ್ ಇನ್ನೂ ಒಂದು ಮ್ಯಾಚೂ ಆಡಿರದ ಟೀಮು. ಹೊರಗಿನಿಂದ ನೋಡಿದವ್ರಿಗೆ ಹುಚ್ಚು ಅನ್ಸಿರ್ಬಹುದು. ಆದ್ರೆ ಪ್ಯಾಂಥರ್ಸ್ ಹೆಡ್ ಕೋಚ್ ಡಾಮ್ ಕೇಪರ್ಸ್ ಹಿಂದೆ ಸ್ಟಾರ್ಸಲ್ಲೂ ಸೇಂಟ್ಸಲ್ಲೂ ಇದ್ದವ್ರು, ಡಿಫೆನ್ಸ್ ನೋಡ್ಕೊಳ್ತಿದ್ದ ವಿಕ್ ಫ್ಯಾಂಜಿಯೊ ಸೇಂಟ್ಸಲ್ಲಿ ಲೈನ್‌ಬ್ಯಾಕರ್ ಕೋಚ್ ಆಗಿದ್ದವ್ರು. ಇಬ್ರಿಗೂ ಮಿಲ್ಸ್ ಏನು ಅಂತ ಗೊತ್ತು, ಹೊಸ ಹುಡುಗ್ರ ಮಧ್ಯೆ ಎಲ್ಲ ತಿಳಿದ ಹಿರಿಯರೊಬ್ರು ಬೇಕಿತ್ತು.

ಅವ್ರ ಲೆಕ್ಕ ಸರಿಹೋಯ್ತು. ಮೊದಲ ವರ್ಷ 7 ಗೆಲುವು 9 ಸೋಲು, ಹೊಸ ಟೀಮಿಗೆ ಅಲ್ಲಿಯವರೆಗೆ ಅದೇ ಅತಿ ಹೆಚ್ಚು ಗೆಲುವು. ಎರಡನೇ ವರ್ಷ 12 ಗೆಲುವು 4 ಸೋಲು, ಪ್ಲೇಆಫಲ್ಲಿ ಹಾಲಿ ಚಾಂಪಿಯನ್ ಡಲ್ಲಾಸ್ ಕೌಬಾಯ್ಸನ್ನ 26-17ರಲ್ಲಿ ಸೋಲಿಸಿದ್ರು. ಆ ವರ್ಷ ಮಿಲ್ಸ್ ಆಲ್‌ಪ್ರೋ ಮೊದಲ ಟೀಮಿಗೆ, ಅಂದ್ರೆ ಇಡೀ ಲೀಗಿನ ಅತ್ಯುತ್ತಮರ ಪಟ್ಟಿಗೆ ಬಂದ್ರು, 37ನೇ ವಯಸ್ಸಲ್ಲಿ! ಪ್ಯಾಂಥರ್ಸ್‌ನ ಮೊದಲ ಮೂರು ಸೀಸನ್ನಿನ ಒಂದೊಂದು ಮ್ಯಾಚನ್ನೂ ಶುರುವಿನಿಂದ ಆಡಿದ ಆಟಗಾರ ಅವ್ರೊಬ್ರೇ.

ಜೆಟ್ಸ್ ಮ್ಯಾಚಿನ ಆ ಒಂದು ಪ್ಲೇ ಬಗ್ಗೆ ಎಲ್ರೂ ಹೇಳ್ತಾರಲ್ಲ, ಅದ್ರಲ್ಲೇನಿದೆ?

1995ರ ಅಕ್ಟೋಬರ್ 15. ಪ್ಯಾಂಥರ್ಸ್ ಆಡಿದ ಐದೂ ಮ್ಯಾಚ್ ಸೋತಿದ್ರು. ಶಾರ್ಲಟ್ ಸ್ಟೇಡಿಯಂ ಇನ್ನೂ ಕಟ್ತಾ ಇದ್ದದ್ರಿಂದ ಆ ವರ್ಷ ಮನೆ ಮ್ಯಾಚೆಲ್ಲ ಸೌತ್ ಕ್ಯಾರೊಲೈನಾದ ಕ್ಲೆಮ್ಸನ್ ಯೂನಿವರ್ಸಿಟಿ ಗ್ರೌಂಡಲ್ಲಿ. ಎದುರಿಗೆ ನ್ಯೂಯಾರ್ಕ್ ಜೆಟ್ಸ್, ಅವ್ರ ಕ್ವಾರ್ಟರ್‌ಬ್ಯಾಕ್, ಅಂದ್ರೆ ಬಾಲ್ ಎಸೆಯೋ ಆಟಗಾರ, ಬಬ್ಬಿ ಬ್ರಿಸ್ಟರ್.

ಬ್ರಿಸ್ಟರ್ ಶವೆಲ್ ಪಾಸ್ ಹಾಕಕ್ಕೆ ಹೋದ್ರು. ದೂರಕ್ಕೆ ಎಸೀತೀನಿ ಅನ್ನೋ ಹಾಗೆ ಹಿಂದಕ್ಕೆ ಹೋಗೋದು, ಎದುರಾಳಿಗಳು ತನ್ನ ಮೇಲೆ ನುಗ್ಗಿ ಬರೋವರ್ಗೂ ಕಾಯೋದು, ಆಗ ಅವ್ರ ಸಂದೀಲೇ ಮುಂದೆ ನಿಂತಿರೋ ತಮ್ಮವ್ನಿಗೆ ಕೆಳಗಿಂದ ಮೆಲ್ಲಗೆ ತಳ್ಳೋದು, ಗುದ್ದಲೀಲಿ ಮಣ್ಣು ಎತ್ತಿ ಹಾಕೋ ಹಾಗೆ. ಮೋಸ ಹೋಗೋರಿಗೆ ಅಂತಾನೇ ಮಾಡಿದ ಪ್ಲೇ. ಮಿಲ್ಸ್ ಕ್ವಾರ್ಟರ್‌ಬ್ಯಾಕ್ ಕಡೆ ನುಗ್ಗದೇ ಬಾಲ್ ಬರೋ ದಾರೀಲೇ ಇದ್ರು. ಬಾಲ್ ನೇರ ಅವ್ರ ಕೈಗೇ ಬಂತು, ಹಿಡ್ಕೊಂಡು 36 ಗಜ ಓಡಿ ಟಚ್‌ಡೌನ್, ಅಂದ್ರೆ ಎದುರಾಳಿ ಕೊನೆ ಗೆರೆ ದಾಟಿ ಪಾಯಿಂಟ್. ಮ್ಯಾಚ್ 26-15, ಪ್ಯಾಂಥರ್ಸ್ ಇತಿಹಾಸದ ಮೊಟ್ಟಮೊದಲ ಗೆಲುವು. ಈ ಊರಲ್ಲಿ ಹಳಬರು ಆ ದಿನ ತಾವೆಲ್ಲಿದ್ವಿ ಅಂತ ಇವತ್ತಿಗೂ ಹೇಳ್ತಾರೆ.

ಕೀಪ್ ಪೌಂಡಿಂಗ್ ಅಂತ ಊರ ತುಂಬ ಬರ್ಕೊಂಡಿದಾರಲ್ಲ, ಅದಕ್ಕೂ ಇವ್ರಿಗೂ ಏನು ಸಂಬಂಧ?

ಆ ಮಾತೇ ಇವ್ರದ್ದು. ಆಟ ನಿಲ್ಲಿಸಿದ್ಮೇಲೆ ಪ್ಯಾಂಥರ್ಸಲ್ಲೇ ಲೈನ್‌ಬ್ಯಾಕರ್‌ಗಳ ಕೋಚ್ ಆಗಿದ್ರು. 2003ರ ಆಗಸ್ಟಲ್ಲಿ ಕರುಳಿಗೆ ಕ್ಯಾನ್ಸರ್ ಅಂತ ಗೊತ್ತಾಯ್ತು. ಅದೇ ಹೊತ್ತಿಗೆ ಟೀಮಿನ ಲೈನ್‌ಬ್ಯಾಕರ್ ಮಾರ್ಕ್ ಫೀಲ್ಡ್ಸ್‌ಗೂ ಹಾಜ್ಕಿನ್ಸ್ ಅನ್ನೋ ಕ್ಯಾನ್ಸರ್, ಒಂದೇ ರೂಮಲ್ಲಿ ಕೂತು ಪಾಠ ಹೇಳೋರು ಕೇಳೋರು ಇಬ್ರಿಗೂ ಕೆಲವೇ ವಾರದ ಅಂತರದಲ್ಲಿ. ಮಿಲ್ಸ್ ರಜೆ ಹಾಕಿ ಮನೇಲಿ ಮಲಗ್ಲಿಲ್ಲ. ಕೀಮೋ ತಗೊಳ್ತಾ ತಗೊಳ್ತಾ ಕೆಲಸಕ್ಕೆ ಬರ್ತಿದ್ರು.

2004ರ ಜನವರಿ 3ಕ್ಕೆ ಡಲ್ಲಾಸ್ ಜೊತೆ ಪ್ಲೇಆಫ್ ಮ್ಯಾಚ್. ಅದಕ್ಕೆ ಮುಂಚೆ ಮಿಲ್ಸ್ ಎದ್ದು ಹುಡುಗ್ರ ಹತ್ರ ಮಾತಾಡಿದ್ರು. ಕ್ಯಾನ್ಸರ್ ಅಂತ ಗೊತ್ತಾದಾಗ ನನ್ನ ಮುಂದೆ ಎರಡೇ ದಾರಿ ಇತ್ತು, ಕೈ ಚೆಲ್ಲೋದು ಇಲ್ಲಾ ಬಾರಿಸ್ತಾ ಇರೋದು, ನಾನು ಬಾರಿಸ್ತಾ ಇದ್ದೆ, ನೀವೂ ಬಾರಿಸ್ತಾ ಇರಿ ಅನ್ನೋದು ಅದ್ರ ಸಾರ. ಇಂಗ್ಲಿಷಲ್ಲಿ ಕೀಪ್ ಪೌಂಡಿಂಗ್. ಪೌಂಡಿಂಗ್ ಅಂದ್ರೆ ಒಂದೇ ಏಟಿಗೆ ಒಡೆಯೋದಲ್ಲ, ಒನಕೇಲಿ ಕುಟ್ಟಿದ ಹಾಗೆ ಬಿಡದೇ ಒಂದಾದ್ಮೇಲೊಂದು ಏಟು. ಟೀಮು ಅವತ್ತು 29-10ರಲ್ಲಿ ಗೆಲ್ತು, ಆಮೇಲೆ ಸೇಂಟ್ ಲೂಯಿಸನ್ನ ಎರಡನೇ ಓವರ್‌ಟೈಮಲ್ಲಿ ಸೋಲಿಸ್ತು, ಫಿಲಡೆಲ್ಫಿಯಾನ ಸೋಲಿಸ್ತು, ಲೀಗಿನ ಫೈನಲ್ ಆದ ಸೂಪರ್ ಬೌಲಿಗೆ ಹೋಯ್ತು. ಅಲ್ಲಿ ನ್ಯೂ ಇಂಗ್ಲೆಂಡ್ ಎದುರು 32-29, ಕೊನೇ ಸೆಕೆಂಡುಗಳ ಒಂದು ಕಿಕ್ಕಿಂದ ಸೋತ್ರು.

ಮಿಲ್ಸ್ ಅದಾದ್ಮೇಲೆ ಒಂದು ವರ್ಷ ಮೇಲೆ ಬದುಕಿದ್ರು. ಫೀಲ್ಡ್ಸ್ ಗುಣ ಆಗಿ 2004ರಲ್ಲಿ ಮತ್ತೆ ಆಡಿದ್ರು. ಈಗ ಆ ಎರಡು ಪದ ಪ್ಯಾಂಥರ್ಸ್ ಜೆರ್ಸಿಯ ಕಾಲರ್ ಒಳಗಡೆ ಹೊಲಿದಿರತ್ತೆ, ಹೊರಗಿಂದ ಕಾಣಲ್ಲ, ಹಾಕ್ಕೊಳ್ಳೋನ ಕತ್ತಿಗೆ ತಾಗತ್ತೆ. ಮನೆ ಮ್ಯಾಚಿಗೆ ಮುಂಚೆ ಅದೇ ಹೆಸರಿನ ದೊಡ್ಡ ಡ್ರಮ್ ಬಾರಿಸ್ತಾರೆ. ಅದೇ ಹೆಸರಲ್ಲಿ ಕ್ಯಾನ್ಸರ್ ಸಂಶೋಧನೆಗೆ ನಿಧಿಯೂ ನಡೀತಿದೆ.

## ಆಟ ನೋಡೋವ್ರು ಕೇಳೋದು

ಎಲ್ರಿಗಿಂತ ಮುಂಚೆ ಬಾಲ್ ಹತ್ರ ಹೇಗೆ ಹೋಗ್ತಿದ್ರು? ಸ್ಪೀಡ್ ಜಾಸ್ತಿನಾ?

ಸ್ಪೀಡಲ್ಲ. ಎಲ್ರಿಗಿಂತ ಮುಂಚೆ ಹೊರಡ್ತಿದ್ರು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಡೀ ಮನುಷ್ಯ ಅರ್ಥ ಆಗೋದು ಇಲ್ಲೇ.

ಒಳಗಿನ ಲೈನ್‌ಬ್ಯಾಕರ್ ಬಾಲಿಂದ ನಾಲ್ಕೈದು ಗಜ ಹಿಂದೆ ಮಂಡಿ ಬಗ್ಗಿಸಿ ನಿಂತಿರ್ತಾರೆ. ನಮ್ಮ ಕಣ್ಣು ಬಾಲ್ ಮೇಲಿರತ್ತೆ, ಅವ್ರ ಕಣ್ಣು ಎದುರಿನ ಗಾರ್ಡ್ ಮೇಲಿರತ್ತೆ. ಗಾರ್ಡ್ ಅಂದ್ರೆ ಬಾಲ್ ಕೊಡೋನ ಅಕ್ಕಪಕ್ಕ ಕೈ ನೆಲಕ್ಕೂರಿ ಕೂತಿರೋ ದಢೂತಿ ಆಳು, ಅವನಿಗೆ ಬಾಲ್ ಮುಟ್ಟೋ ಕೆಲಸನೇ ಇಲ್ಲ, ಆದ್ರೆ ಬಾಲ್ ಎಲ್ಲಿ ಹೋಗತ್ತೆ ಅಂತ ಅವನಿಗೆ ಗೊತ್ತಿರತ್ತೆ, ಅವನ ಮೈ ಅದನ್ನ ಬಚ್ಚಿಡಕ್ಕಾಗಲ್ಲ. ನೆಲಕ್ಕೂರಿದ ಬೆರಳ ಗೆಣ್ಣು ಬೆಳ್ಳಗಾಗಿದ್ರೆ ಭಾರ ಎಲ್ಲ ಮುಂದೆ ಹಾಕಿದಾನೆ, ಮುಂದಕ್ಕೇ ನುಗ್ತಾನೆ, ಓಟದ ಪ್ಲೇ. ಕೈ ಹಗುರಾಗಿ ತಾಗಿಸ್ಕೊಂಡು ಭಾರ ಹಿಮ್ಮಡಿ ಮೇಲಿದ್ರೆ ಹಿಂದಕ್ಕೋ ಪಕ್ಕಕ್ಕೋ ಹೋಗೋನು. ಬಾಲ್ ಕದಲಿದ ತಕ್ಷಣ ಗಾರ್ಡ್ ಎದ್ದು ನೆಟ್ಟಗೆ ನಿಂತ್ರೆ ಪಾಸ್. ಸಾಲು ಬಿಟ್ಟು ಪಕ್ಕಕ್ಕೆ ಓಡಿದ್ರೆ ಓಟ ಅದೇ ಕಡೆಗೆ, ಕಣ್ಮುಚ್ಕೊಂಡು ಅವನ ಹಿಂದೆ ಹೋಗ್ಬಹುದು. ಇದನ್ನೆಲ್ಲ ಅರ್ಧ ಸೆಕೆಂಡಲ್ಲಿ ನೋಡ್ಬೇಕು, ಪ್ರತಿ ಸಲಾನೂ ನೋಡ್ಬೇಕು, ಮೋಸ ಮಾಡಕ್ಕೆ ಅಂತಾನೇ ಗಾರ್ಡ್ ಸುಳ್ಳು ಹೆಜ್ಜೆ ಇಟ್ರೆ ಅದನ್ನೂ ಗುರುತಿಸ್ಬೇಕು.

ಮಿಲ್ಸ್ ವಾರ ಪೂರ್ತಿ ಎದುರಾಳಿಗಳ ಫಿಲ್ಮ್ ಹಾಕ್ಕೊಂಡು ಕೂರೋರು ಅಂತ ಜೊತೆ ಆಡಿದವ್ರೆಲ್ಲ ಹೇಳ್ತಾರೆ. ಜೆಟ್ಸ್ ಪ್ಲೇಯಲ್ಲಿ ಆಗಿದ್ದೂ ಅದೇ, ಕೈಗೆ ಬಾಲ್ ಬಂದಿದ್ದು ಅದೃಷ್ಟ ಅಲ್ಲ.

ಸರಿ, ಓದಿದ್ರು, ಆದ್ರೆ ಆರೂವರೆ ಅಡಿ ಆಳು ಬಂದು ಗುದ್ದಿದ್ರೆ ಕುಳ್ಳ ಮನುಷ್ಯ ಏನ್ಮಾಡಕ್ಕಾಗತ್ತೆ?

ಕೆಳಗಿಂದ ಗುದ್ದಕ್ಕಾಗತ್ತೆ. ಈ ಆಟದಲ್ಲಿ ಇಬ್ರು ಡಿಕ್ಕಿ ಹೊಡೆದಾಗ ಯಾರ ಭುಜ ಕೆಳಗಿರತ್ತೋ ಅವ್ರೇ ಗೆಲ್ಲೋದು. ಕೆಳಗಿರೋನು ಎದುರಿನವ್ನ ಎದೆಗೆ ಕೈ ಕೊಟ್ಟು ಮೇಲಕ್ಕೆತ್ತಿದ್ರೆ ಆ ದೈತ್ಯನ ಕಾಲು ನೆಲದ ಹಿಡಿತ ಬಿಟ್ಬಿಡತ್ತೆ, ಆಮೇಲೆ 130 ಕೇಜಿ ಇದ್ದು ಪ್ರಯೋಜನ ಇಲ್ಲ. ಗರಡೀಲಿ ಸೆಣಸಿದವ್ರಿಗೆ ಇದು ಹೇಳ್ಕೊಡ್ಬೇಕಾಗಿಲ್ಲ, ಮಿಲ್ಸ್ ಕೂಡ ಹೈಸ್ಕೂಲಲ್ಲಿ ಕುಸ್ತಿ ಆಡಿದವ್ರು. ಎತ್ತರದ ಲೈನ್‌ಬ್ಯಾಕರ್ ಆ ಮಟ್ಟಕ್ಕೆ ಇಳಿಯಕ್ಕೆ ಸೊಂಟ ಬಗ್ಗಿಸಿ ಒದ್ದಾಡ್ತಾರೆ, ಮಿಲ್ಸ್‌ಗೆ ಆ ಜಾಗ ಹುಟ್ಟಿನಿಂದ ಬಂದಿತ್ತು.

ನಂಬರ್ ನೋಡಿದ್ರೆ ಸ್ಯಾಕ್ ಬರೀ 20.5, ಇಂಟರ್ಸೆಪ್ಶನ್ 11. ಇಷ್ಟಕ್ಕೆ ಇಷ್ಟೊಂದು ಹೊಗಳ್ತೀರಲ್ಲ?

ಸ್ಯಾಕ್ ಅಂದ್ರೆ ಬಾಲ್ ಎಸೆಯೋಕೆ ಮುಂಚೆ ಕ್ವಾರ್ಟರ್‌ಬ್ಯಾಕನ್ನ ಕೆಡವೋದು, ಇಂಟರ್ಸೆಪ್ಶನ್ ಅಂದ್ರೆ ಎದುರಾಳಿ ಎಸೆದ ಬಾಲನ್ನ ಹಿಡಿಯೋದು. ಒಳಗಿನ ಲೈನ್‌ಬ್ಯಾಕರ್‌ನ ಸ್ಯಾಕ್ ಇಟ್ಕೊಂಡು ಅಳೆಯೋದು ವಿಕೆಟ್ ಕೀಪರ್‌ನ ಅವ್ರು ಎಸೆದ ಓವರಿಂದ ಅಳೆದ ಹಾಗೆ. ಕ್ವಾರ್ಟರ್‌ಬ್ಯಾಕನ್ನ ಹಿಡಿಯೋದು ಹೊರಗಿನವ್ರ ಕೆಲಸ, ಮಿಲ್ಸ್ ಕೆಲಸ ಓಟ ನಿಲ್ಲಿಸೋದು ಮತ್ತೆ ಎಲ್ರನ್ನೂ ಸರಿಯಾದ ಜಾಗಕ್ಕೆ ನಿಲ್ಲಿಸೋದು. ಅವ್ರ ದೊಡ್ಡ ಸಾಧನೆ ಟ್ಯಾಕಲ್, ಅಂದ್ರೆ ಬಾಲ್ ಇರೋನ್ನ ಕೆಡವೋದು, ಅದನ್ನ ಎನ್‌ಎಫ್‌ಎಲ್ ಅಧಿಕೃತ ಲೆಕ್ಕದಲ್ಲೇ ಸೇರ್ಸಲ್ಲ. ನಾನು ನೋಡೋದು ಬೇರೆ: 12 ವರ್ಷದಲ್ಲಿ 181 ಮ್ಯಾಚ್, ಅದ್ರಲ್ಲಿ 173 ಶುರುವಿನಿಂದ. ಐದು ಪ್ರೋ ಬೌಲ್, ಮೊದಲನೇದು 1987ಕ್ಕೆ, ಕೊನೇದು 1996ಕ್ಕೆ. ಯಾರಿಗೂ ಬೇಡ ಅಂದ ಮೈ ಇಷ್ಟು ವರ್ಷ ಬಾಳಿದ್ದೇ ದೊಡ್ಡ ಲೆಕ್ಕ ನಂಗೆ.

ಹಾಲ್ ಆಫ್ ಫೇಮ್ ಕೊಡಕ್ಕೆ ಅಷ್ಟು ಲೇಟ್ ಯಾಕೆ ಮಾಡಿದ್ರು?

ಆಟ ಬಿಟ್ಟು ಐದು ಸೀಸನ್ ಆದ್ಮೇಲೆ ಹೆಸರು ಬರತ್ತೆ, ಅಲ್ಲಿಂದ 20 ವರ್ಷ ಮಾಮೂಲಿ ಪಟ್ಟಿಯಲ್ಲಿರತ್ತೆ, ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ಹಿರಿಯರ ಪಟ್ಟಿಗೆ ತಳ್ತಾರೆ, ಅಲ್ಲಿ ಸಾಲು ತುಂಬ ಉದ್ದ. ಮಿಲ್ಸ್ ಆಯ್ಕೆಯಾದದ್ದು ಸರಿಯಾಗಿ ಆ ಇಪ್ಪತ್ತನೇ ವರ್ಷದಲ್ಲಿ, ಕೊನೇ ಬಸ್ಸಲ್ಲಿ. ಕೊನೇ ಹಂತದ ಚರ್ಚೆಗೆ ಅವ್ರ ಹೆಸರು ಮೊದಲು ಬಂದಿದ್ದೇ 2020ರಲ್ಲಿ.

ಕಾರಣ ನನ್ನ ಪ್ರಕಾರ ನಾಲ್ಕೈದಿವೆ. ಯುಎಸ್‌ಎಫ್‌ಎಲ್‌ನ ಮೂರು ಒಳ್ಳೊಳ್ಳೆ ವರ್ಷಾನ ಓಟು ಹಾಕೋವ್ರು ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳಲ್ಲ. ಆಡಿದ ಎರಡೂ ಟೀಮು ನ್ಯೂಯಾರ್ಕ್ ಶಿಕಾಗೊ ಥರ ದೊಡ್ಡ ಊರಿಂದಲ್ಲ. ಸೂಪರ್ ಬೌಲ್ ಆಡಿಲ್ಲ. ಟ್ಯಾಕಲ್ ಲೆಕ್ಕ ಅಧಿಕೃತ ಅಲ್ಲ. ಪಕ್ಕದಲ್ಲಿ ಜ್ಯಾಕ್ಸನ್ ಸ್ವಿಲಿಂಗ್ ಥರ ಸ್ಯಾಕ್ ಹೊಡೆಯೋರಿದ್ದಾಗ ಮಧ್ಯದಲ್ಲಿ ನಿಂತು ಕೂಗಿ ಹೇಳೋನು ಟಿವಿಲಿ ಕಾಣಲ್ಲ. 2022ರ ಆಗಸ್ಟ್ 6ಕ್ಕೆ ಓಹಾಯೊದ ಕ್ಯಾಂಟನ್ನಲ್ಲಿ ಅವ್ರ ಹೆಂಡ್ತಿ ಮೆಲನಿ ಮಿಲ್ಸ್ ವೇದಿಕೆ ಮೇಲೆ ನಿಂತು ಮಾತಾಡಿದ್ರು. ನಾನು ಅವತ್ತು ಮನೇಲಿ ಟಿವಿ ಮುಂದೆ ಕೂತಿದ್ದೆ, ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು ನಿಜ ಹೇಳ್ಬೇಕಂದ್ರೆ. ಹದಿನೆಂಟು ವರ್ಷ ಮುಂಚೆ ಈ ಮನುಷ್ಯ ಇಲ್ಲೇ ಇದ್ರು.

ಪ್ಯಾಂಥರ್ಸ್ ಲೈನ್‌ಬ್ಯಾಕರ್ ಅಂದ್ರೆ ಲೂಕ್ ಕೀಕ್ಲಿ ಅಲ್ವಾ? ಇಬ್ರಲ್ಲಿ ಯಾರು ಗ್ರೇಟು?

ಕೀಕ್ಲಿ 2012ರ ಡ್ರಾಫ್ಟಲ್ಲಿ 9ನೇಯವ್ರಾಗಿ ಬಂದವ್ರು, ಆರಡಿ ಮೂರಿಂಚು, 2013ರಲ್ಲಿ ಇಡೀ ಲೀಗಿನ ಅತ್ಯುತ್ತಮ ಡಿಫೆನ್ಸ್ ಆಟಗಾರ. ಓಟ, ಹೈಟ್, ಪಾಸ್ ತಡೆಯೋದು ಎಲ್ಲದ್ರಲ್ಲೂ ಕೀಕ್ಲಿ ಒಂದು ಕೈ ಮೇಲು ಅಂತ ನಾನೂ ಒಪ್ತೀನಿ. ಆದ್ರೆ ಎದುರಾಳಿ ಪ್ಲೇಯನ್ನ ಬಾಲ್ ಕದಲೋಕ್ ಮುಂಚೆ ಓದಿ ಜೊತೆಯವ್ರಿಗೆ ಕೂಗಿ ಹೇಳೋದ್ರಲ್ಲಿ ಇಬ್ರೂ ಒಂದೇ ಮನೆಯ ಮಕ್ಕಳು. ಕೀಕ್ಲಿ ತಲೆಗೆ ಪೆಟ್ಟು ಬಿದ್ದು ಬಿದ್ದು 2020ರ ಜನವರೀಲಿ 28ನೇ ವಯಸ್ಸಿಗೇ ನಿಲ್ಲಿಸಿದ್ರು. ಅದೇ 28ರಲ್ಲಿ ಮಿಲ್ಸ್ ಎನ್‌ಎಫ್‌ಎಲ್‌ನಲ್ಲಿ ಎರಡನೇ ವರ್ಷಕ್ಕೆ ಬಂದಿದ್ರು. ಹಾಗಾಗಿ ಹೋಲಿಸೋದು ಕಷ್ಟ, ನಂಗೆ ಹತ್ತಿರ ಮಿಲ್ಸ್.

ನನ್ನ ಮಗ ಸ್ಕೂಲಲ್ಲಿ ಫುಟ್ಬಾಲ್ ಆಡ್ತೀನಿ ಅಂತಿದಾನೆ, ಸೇರ್ಸ್ಲಾ ಬೇಡ್ವಾ? ನಮ್ಮನೇಲಿ ಜಗಳ ಆಗ್ತಿದೆ

ಇಲ್ಲಿರೋ ನಮ್ಮೋರು ಅಮ್ಮಂದ್ರು ತುಂಬ ಜನ ಕೇಳೋದು ಇದನ್ನೇ. ಹೆದರಿಕೆ ಸುಳ್ಳಲ್ಲ. ಕೀಕ್ಲಿ 2016ರಲ್ಲಿ ಗಾಡಿ ಮೇಲೆ ಕೂತು ಅಳ್ತಾ ಹೊರಗೆ ಹೋಗಿದ್ದನ್ನ ಟಿವಿಲಿ ನೋಡಿದವ್ರು ಮರೆಯಲ್ಲ. ಜೂನಿಯರ್ ಸೇಯಾವ್ ಅನ್ನೋ ಮಹಾನ್ ಲೈನ್‌ಬ್ಯಾಕರ್ 2012ರಲ್ಲಿ ಪ್ರಾಣ ಕಳ್ಕೊಂಡ್ಮೇಲೆ ಮೆದುಳು ಪರೀಕ್ಷೆ ಮಾಡಿದಾಗ ಸಿಟಿಇ ಇತ್ತು, ಮತ್ತೆ ಮತ್ತೆ ತಲೆಗೆ ಏಟು ಬಿದ್ದು ಬರೋ ಕಾಯಿಲೆ ಅದು. ನನ್ನ ಮಗನ ವಿಷ್ಯದಲ್ಲಿ ನಾನು ಮಾಡಿದ್ದು ಫ್ಲ್ಯಾಗ್ ಫುಟ್ಬಾಲಿಗೆ ಸೇರ್ಸಿದ್ದು. ಅದ್ರಲ್ಲಿ ಕೆಡವೋದಿಲ್ಲ, ಸೊಂಟದ ಪಟ್ಟಿ ಕಿತ್ರೆ ಮುಗೀತು, 2028ರ ಒಲಿಂಪಿಕ್ಸಲ್ಲೂ ಅದೇ ಇರತ್ತೆ. ಎದುರಿನವ್ರ ಆಟ ಓದೋದು ಅದ್ರಲ್ಲೂ ಕಲೀತಾನೆ. ದೊಡ್ಡವ್ನಾದ್ಮೇಲೆ ಅವನೇ ಕೇಳಿದ್ರೆ ಆಗ ಡಾಕ್ಟ್ರನ್ನೂ ಕೋಚನ್ನೂ ಕೂರ್ಸ್ಕೊಂಡು ಮಾತಾಡೋಣ ಅಂತ ನಮ್ಮನೇಲಿ ತೀರ್ಮಾನ ಆಗಿದೆ.

ಅವ್ರ ಆಟ ಈಗ ನೋಡ್ಬೇಕಂದ್ರೆ ಎಲ್ಲಿಂದ ಶುರು ಮಾಡ್ಲಿ?

1997ರ ಜನವರಿ 5ರ ಡಲ್ಲಾಸ್ ಮ್ಯಾಚಿಂದ ಶುರು ಮಾಡಿ. ಅದಾದ್ಮೇಲೆ ಒಂದು ವಾರಕ್ಕೆ ಗ್ರೀನ್ ಬೇ ಚಳೀಲಿ ಆಡಿದ ಮ್ಯಾಚ್ ನೋಡಿ, ಪ್ಯಾಂಥರ್ಸ್ 30-13ರಲ್ಲಿ ಸೋತ್ರು ಸರಿ, ಆದ್ರೆ ಮೊದಲ ಕ್ವಾರ್ಟರಲ್ಲಿ ಬ್ರೆಟ್ ಫಾರ್ವ್ ಎಸೆದ ಬಾಲನ್ನ 37 ವರ್ಷದ ಮಿಲ್ಸ್ ಹಿಡಿದ್ರು, ಅದ್ರಿಂದಲೇ ಪ್ಯಾಂಥರ್ಸ್‌ನ ಮೊದಲ ಟಚ್‌ಡೌನ್ ಬಂತು.

ನೋಡೋವಾಗ ಬಾಲ್ ಹಿಂದೆ ಕಣ್ಣು ಓಡಿಸ್ಬೇಡಿ. ಮಧ್ಯದಲ್ಲಿ 51 ಹುಡುಕಿ, ಎಲ್ರಿಗಿಂತ ಗಿಡ್ಡಗಿರೋದ್ರಿಂದ ಬೇಗ ಸಿಗ್ತಾರೆ. ಬಾಲ್ ಕೊಡೋ ಕ್ಷಣದಲ್ಲಿ ವಿಡಿಯೋ ನಿಲ್ಲಿಸಿ ಆಮೇಲೆ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಓಡಿಸಿ. ಬಾಲ್ ಇನ್ನೂ ಕ್ವಾರ್ಟರ್‌ಬ್ಯಾಕ್ ಕೈಲೇ ಇರತ್ತೆ, ಪಕ್ಕದ ಲೈನ್‌ಬ್ಯಾಕರ್‌ಗಳು ನಿಂತಲ್ಲೇ ನಿಂತಿರ್ತಾರೆ, 51 ಆಗ್ಲೇ ಒಂದು ಹೆಜ್ಜೆ ಇಟ್ಟಾಗಿರತ್ತೆ.